ಡಾ. ಸರ್ವಮಂಗಳಾ ಅವರೂ ಸಾರಕ್ಕಿಯ ಮಂಗಳವಾರವೂ

ವೈರಾಣುಗಳನ್ನೂ ಅವುಗಳ ವಿರುದ್ಧ ನಮ್ಮ ದೇಹ ಕಟ್ಟಿಕೊಳ್ಳುವ ರಕ್ಷಣೆಯನ್ನೂ ಅಭ್ಯಾಸದ ವಿಷಯವಾಗಿ ಹಿಡಿದ ವೈದ್ಯರು ನಮ್ಮ ರಾಜ್ಯದಲ್ಲಿ ಇಂದಿಗೂ ಬೆರಳೆಣಿಕೆಯಷ್ಟು. ಅವರೊಳಗೂ, ಜ್ವರ ಬಿಟ್ಟ ಮೇಲೆ ಬಿಡದೆ ಉಳಿಯುವ ನಿತ್ರಾಣವನ್ನು ಸೋಮಾರಿತನವೆನ್ನದೆ ಕಾಯಿಲೆಯೆಂದು ಒಪ್ಪಿ, ಹನ್ನೊಂದು ವರ್ಷ ಅದರ ಬೆನ್ನುಹತ್ತಿದವರೆಂದರೆ, ನಾನು ಬಲ್ಲಂತೆ, ಜಯನಗರದ ನಮ್ಮ ಪ್ರಯೋಗಶಾಲೆಯ ಡಾ. ಸರ್ವಮಂಗಳಾ ಅವರೊಬ್ಬರೇ. ೧೯೬೮ರ ಈ ತಿಂಗಳ ಕೊನೆಗೆ ಅವರು ನಿವೃತ್ತರಾಗುತ್ತಿದ್ದಾರೆ. ಅವರ ಬೀಳ್ಕೊಡುಗೆಗೆಂದು ಹೊರಡುತ್ತಿರುವ ಈ ಸಂಪುಟದಲ್ಲಿ ದೊಡ್ಡ ಪದವಿಗಳನ್ನು ಪಡೆದವರು ಅವರ ವಿದ್ವತ್ತನ್ನು ಕುರಿತು ಬರೆಯುತ್ತಾರೆ. ಎಸ್.ಎಸ್.ಎಲ್.ಸಿ.ಯನ್ನು ಎರಡು ಸಲ ಮುಟ್ಟಿ ಎರಡು ಸಲವೂ ದಾಟದ ನನ್ನನ್ನು ಸಂಪಾದಕರು ಬಿಡದೆ ಕೇಳಿದ್ದಕ್ಕೆ ಕಾರಣ, ಡಾಕ್ಟರಮ್ಮನವರ ಚೀಲ ಹಿಡಿದು ಊರೂರು ತಿರುಗಿದವನು ನಾನೆಂಬುದು. ಹಾಗಾಗಿ ತಿರುಗಿದ್ದನ್ನೇ ಬರೆಯುತ್ತೇನೆ.

ಹರಪನಹಳ್ಳಿಯ ವರ್ತಕರ ಮನೆತನದಲ್ಲಿ ಹುಟ್ಟಿ, ಹೆಣ್ಣುಮಕ್ಕಳು ವೈದ್ಯ ಕಲಿಯುವುದು ಅಪರೂಪವಾಗಿದ್ದ ಕಾಲದಲ್ಲಿ ಕಲಿತು, ಹಲವು ಜಿಲ್ಲೆಗಳ ಆಸ್ಪತ್ರೆಗಳಲ್ಲಿ ದುಡಿದು ಡಾಕ್ಟರಮ್ಮನವರು ಜಯನಗರಕ್ಕೆ ಬಂದದ್ದು ೧೯೫೫ರಲ್ಲಿ. ಮರುವರ್ಷ ನಾನು ಗಾಜಿನ ನಳಿಗೆಗಳನ್ನು ತೊಳೆಯುವ ಕೆಲಸಕ್ಕೆ ಸೇರಿದೆ. ಫ್ಲೂ ವೈರಾಣುವನ್ನು ಬೆಳೆಸುವುದು ಮರಿಯಾಗಲಿರುವ ಕೋಳಿಮೊಟ್ಟೆಯೊಳಗೆ ಎಂಬುದು ನನಗೆ ಗೊತ್ತಾದದ್ದು ಮೊದಲ ದಿನವೇ. ಮೊಟ್ಟೆಯನ್ನು ಮುಟ್ಟದ ಮನೆಯಿಂದ ಬಂದ ನಾನು ತಟ್ಟೆ ಹಿಡಿದು ನಿಂತ ಭಂಗಿ ನೋಡಿ ಅವರು, "ಅನಂತರಾಮು, ಅದು ಬಾಂಬಲ್ಲಪ್ಪಾ. ಮನೇಲಿ ಕೇಳಿದ್ರೆ ಗಾಜಿನ ಕೆಲಸ ಅಂತ ಹೇಳು. ಸುಳ್ಳೂ ಆಗಲ್ಲ, ನಿಮ್ಮಮ್ಮ ಸ್ನಾನಾನೂ ಮಾಡಿಸಲ್ಲ" ಎಂದರು. ಅಂದಿನಿಂದ ಪ್ರತಿ ಮಧ್ಯಾಹ್ನ ಬುತ್ತಿಯ ಜೊತೆಗೆ ತಮ್ಮ ಪುಸ್ತಕದ ಒಂದು ಪುಟವನ್ನು ನನ್ನಿಂದ ಓದಿಸಿ, ತಿಳಿದಷ್ಟನ್ನು ಕನ್ನಡದಲ್ಲಿ ಹೇಳಿಸುತ್ತಿದ್ದರು. ನನ್ನ ವಿದ್ಯಾಭ್ಯಾಸವೆಂದರೆ ಆ ಬುತ್ತಿಯ ಹೊತ್ತೇ.

೧೯೫೭ರ ಬೇಸಿಗೆ ಕಳೆಯುತ್ತಿದ್ದಂತೆ ಹೊಸ ಫ್ಲೂ ಜ್ವರ ಊರಿಗೆ ನುಗ್ಗಿತು. ಒಂದು ವಾರ ಮಲಗಿದವರು ಎದ್ದರು, ಕೆಲಸಕ್ಕೆ ಹೋದರು, ಪತ್ರಿಕೆಗಳು ಆ ಸುದ್ದಿಯನ್ನು ಬಿಟ್ಟವು. ಆದರೆ ದೀಪಾವಳಿ ಕಳೆದರೂ ಸಾರಕ್ಕಿ ಗ್ರಾಮದಿಂದ ಕೆಲವರು ನಮ್ಮ ಬಾಗಿಲಿಗೆ ಬರುತ್ತಲೇ ಇದ್ದರು. ಜ್ವರವಿಲ್ಲ, ಕೆಮ್ಮಿಲ್ಲ, ಮೈಯಲ್ಲಿ ಕಸುವೂ ಇಲ್ಲ. ಅವರಲ್ಲೊಬ್ಬರು ಬಟ್ಟೆ ಗಿರಣಿಯ ಮಗ್ಗದ ಕೆಲಸಗಾರ ತಿಮ್ಮರಾಯಪ್ಪನವರು. ವಯಸ್ಸು ಮೂವತ್ತು, ಗರಡಿಯಲ್ಲಿ ಪಳಗಿದ ಮೈ. ಏಳು ತಿಂಗಳಿಂದ ಅರ್ಧ ದಿನ ದುಡಿದರೆ ಎರಡು ದಿನ ಮಲಗುತ್ತಿದ್ದರು. ಫೆಬ್ರವರಿ ಮುಗಿಯುವುದರೊಳಗೆ ಯಾರಾದರೊಬ್ಬ ಡಾಕ್ಟರಿಂದ ಕಾಯಿಲೆಯನ್ನು ಖಚಿತಪಡಿಸಿ ತರಬೇಕು, ಇಲ್ಲವೇ ಮಗ್ಗಕ್ಕೆ ಮರಳಬೇಕು, ಎರಡೂ ಆಗದಿದ್ದರೆ ಹೆಸರು ತೆಗೆಯುತ್ತೇವೆ ಎಂದು ಗಿರಣಿ ತಿಳಿಸಿತ್ತು.

ಡಾಕ್ಟರಮ್ಮನವರು ಇಂಥ ಎಂಟು ಜನರನ್ನೂ, ಅದೇ ಬೀದಿಗಳಲ್ಲಿ ಅದೇ ಜ್ವರ ಬಂದು ಪೂರ್ತಿ ಗುಣವಾದ ಎಂಟು ಜನರನ್ನೂ ಆರಿಸಿಕೊಂಡು ಅಭ್ಯಾಸಕ್ಕೆ ತೊಡಗಿದರು. ನಾವು ಹೋಗುತ್ತಿದ್ದದ್ದು ಸೋಮವಾರ. ಸೋಮವಾರ ಬಸವಣ್ಣನ ದಿನವಾದ್ದರಿಂದ ಊರಿನಲ್ಲಿ ಎತ್ತು ಹೂಡುವುದಿಲ್ಲ, ಎಲ್ಲರೂ ಮನೆಯಲ್ಲೇ ಸಿಗುತ್ತಾರೆ. ರಕ್ತ ತೆಗೆದುಕೊಳ್ಳುವುದು, ನಾಡಿ ಎಣಿಸುವುದು, ಆಮೇಲೆ ಒಂದೂವರೆ ಅಡಿ ಎತ್ತರದ ಮರದ ಪೆಟ್ಟಿಗೆಯನ್ನು ಅರವತ್ತು ಸಲ ಹತ್ತಿಸಿ ಇಳಿಸಿ ಮತ್ತೆ ನಾಡಿ ಎಣಿಸುವುದು, ಇಷ್ಟು ನಮ್ಮ ಕ್ರಮ. ಆರು ಸೋಮವಾರ ಹೀಗೆ ನಡೆಯಿತು. ರಕ್ತದಲ್ಲಿ ವೈರಾಣುವಿನ ವಿರುದ್ಧ ಹುಟ್ಟುವ ಪ್ರತಿಕಾಯಗಳು ಎರಡು ಗುಂಪಿನಲ್ಲೂ ಒಂದೇ ಮಟ್ಟದಲ್ಲಿದ್ದವು. ಪೆಟ್ಟಿಗೆಯನ್ನೂ ಎಲ್ಲರೂ ಹತ್ತಿದರು. ತಿಮ್ಮರಾಯಪ್ಪನವರಂತೂ ಅರವತ್ತನ್ನು ಮುಗಿಸಿ ನಕ್ಕರು. ವ್ಯತ್ಯಾಸವೇನೂ ಕಾಣದೆ, ಬೇರೆ ದಾರಿ ತೋರದೆ, ಆರನೆಯ ಸೋಮವಾರ ಡಾಕ್ಟರಮ್ಮನವರು ತಿಮ್ಮರಾಯಪ್ಪನವರು ಕೆಲಸಕ್ಕೆ ಯೋಗ್ಯರೆಂಬ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಅದು ಅಂದೇ ಸಂಜೆ ಗಿರಣಿಗೆ ಹೋಯಿತು. ಬುಧವಾರದಿಂದ ಕೆಲಸ.

ಅಂದು ನಾನು ಪೆಟ್ಟಿಗೆಯನ್ನು ತಿಮ್ಮರಾಯಪ್ಪನವರ ಜಗಲಿಯಲ್ಲೇ ಮರೆತು ಬಂದಿದ್ದೆ. ಮಂಗಳವಾರ ಬೆಳಿಗ್ಗೆ ಸೈಕಲ್ಲು ತುಳಿದುಕೊಂಡು ಹೋದರೆ ಅವರ ಹೆಂಡತಿ ಸೊಣ್ಣಮ್ಮನವರು ಬಾಗಿಲಿಗೆ ಅಡ್ಡ ನಿಂತರು.

"ಬಂದ್ರಾ? ಇವತ್ ಯಾಕ್ ಬಂದ್ರಿ? ಇವತ್ ಡಾಕ್ಟ್ರಮ್ಮನ ಮಂಗ್ಳಾರ ಅಲ್ವಾ!"

"ಅದೇನಮ್ಮಾ ಹಾಗಂದ್ರೆ?"

"ಊರ್ಗೆಲ್ಲಾ ಗೊತ್ತು, ನಿಮಗೊಬ್ರಿಗೇ ಗೊತ್ತಿಲ್ವಾ? ಸೋಮಾರ ನೀವ್ ಬಂದು ಕುಣ್ಸಿ ಓಯ್ತೀರಿ, ಮಂಗ್ಳಾರ ನಮ್ ಗಂಡಸ್ರು ಮಗ್ಗುಲ್ ಬುಟ್ಟು ಏಳಾಕಿಲ್ಲ. ಬೋರಣ್ಣನ ಮನೇಲೂ ಅಂಗೇ, ಅಕ್ಕಯಮ್ಮನ ಮನೇಲೂ ಅಂಗೇ. ನೀವ್ ರಕ್ತ ಈರ್ಕೊಂಡ್ ಓಗೋದಕ್ಕೇ ಇಂಗಾಯ್ತದೆ ಅಂತಾರೆ ಜನ."

ಒಳಗೆ ನೋಡಿದೆ. ನಿನ್ನೆ ನಕ್ಕ ಮನುಷ್ಯ ಗೋಡೆಯ ಕಡೆ ಮುಖ ಮಾಡಿ ಬಿದ್ದಿದ್ದರು. ನೀರಿನ ಚೊಂಬನ್ನೂ ಸೊಣ್ಣಮ್ಮನವರೇ ಬಾಯಿಗೆ ಹಿಡಿಯಬೇಕಾಯಿತು. ಗುಣವಾದ ಗುಂಪಿನವರನ್ನು ಹುಡುಕಿದರೆ ಒಬ್ಬರೂ ಮನೆಯಲ್ಲಿಲ್ಲ, ಎಲ್ಲರೂ ಹೊಲದಲ್ಲಿದ್ದರು. ರಕ್ತವನ್ನು ಅವರಿಂದಲೂ ತೆಗೆದಿದ್ದೆವಲ್ಲ!

ನಾನು ಏದುಸಿರು ಬಿಡುತ್ತಾ ಬಂದು ಹೇಳಿದ್ದನ್ನು ಕೇಳಿ ಡಾಕ್ಟರಮ್ಮನವರು ಕೈಯಲ್ಲಿದ್ದ ನಳಿಗೆಯನ್ನು ಕೆಳಗಿಟ್ಟರು. "ಆರು ವಾರ ಪೆಟ್ಟಿಗೆ ಹತ್ತಿಸಿ ಅವರನ್ನ ನಾವೇ ಕಾಯಿಲೆ ಬೀಳಿಸಿದ್ದೀವಿ ಅನಂತರಾಮು. ಬೀಳಿಸಿ, ಬಿದ್ದಿದ್ದನ್ನ ನೋಡೋಕ್ಕೆ ಹೋಗಲೇ ಇಲ್ಲ" ಎಂದರು. ಜಟಕಾ ಹಿಡಿದು ಸಾರಕ್ಕಿಗೆ ಹೋಗಿ ಎಂಟು ಮನೆಗಳನ್ನೂ ಕಣ್ಣಾರೆ ಕಂಡರು. ಅಲ್ಲಿಂದ ನೇರವಾಗಿ ಗಿರಣಿಗೆ.

ಗಿರಣಿಯ ಮ್ಯಾನೇಜರು ಏಕಾಂತಯ್ಯನವರು ಐವತ್ತೆರಡು ವರ್ಷದ, ತುಂಬಿದ ಮೈಯ, ಬಾಯಿ ಚುರುಕಿನ ಮನುಷ್ಯ. ಸರ್ಟಿಫಿಕೇಟನ್ನು ವಾಪಸು ಕೊಡಿ ಎಂದಾಗ ಅವರು ನಕ್ಕುಬಿಟ್ಟರು.

"ಏನಮ್ಮಾ ಇದು, ನಿನ್ನೆ ಗಟ್ಟಿ ಇದ್ದೋನು ಇವತ್ತು ಮೆತ್ತಗಾಗ್ಬಿಟ್ನಾ? ನಿಮ್ಮ ಸರ್ಟಿಫಿಕೇಟು ಹಾಲಿದ್ದಂಗಾ, ಮಾರನೇ ದಿನಕ್ಕೆ ಒಡೆದುಹೋಗೋಕೆ?"

"ಒಡೆದಿಲ್ಲ, ಸಹಿ ಹಾಕ್ದಾಗಲೇ ತಪ್ಪಾಗಿತ್ತು. ತಪ್ಪು ನನ್ನದು, ಅವರದಲ್ಲ ಅಂತ ಬರ್ಕೊಡ್ತೀನಿ. ಒಂದು ಹಾಳೆ ಕೊಡಿ."

"ಬರ್ಕೊಟ್ರೆ ನಾಳೆಯಿಂದ ಇಲ್ಲಿ ನಿಮ್ಮ ಸಹಿಗೆ ಬೆಲೆ ಇರಲ್ಲ, ಯೋಚ್ನೆ ಮಾಡಿ."

"ಜಟಕಾದಲ್ಲಿ ಬರೋವಾಗ ಅದನ್ನೇ ಯೋಚ್ನೆ ಮಾಡ್ಕೊಂಡು ಬಂದೆ. ಹಾಳೆ ಕೊಡಿ ಸಾರ್."

ಅವರು ಬರೆದರು. ಏಕಾಂತಯ್ಯನವರು ಓದಿ, ಮಡಿಸಿ, ಒಂದು ವಾರದ ಗಡುವು ಕೊಟ್ಟರು. ಮುಂದಿನ ಸೋಮವಾರ ಒಂದು ಸಲ, ಮಂಗಳವಾರ ಒಂದು ಸಲ, ತಮ್ಮ ಕಣ್ಣೆದುರಿಗೆ ಪೆಟ್ಟಿಗೆ ಹತ್ತಿಸಿ ತೋರಿಸಬೇಕು. ಆಗದಿದ್ದರೆ ಆ ಮಗ್ಗಕ್ಕೆ ಬೇರೆಯವರು.

ಇಲ್ಲಿ ಡಾಕ್ಟರಮ್ಮನವರು ಇಕ್ಕಟ್ಟಿಗೆ ಸಿಕ್ಕಿದರು. ತೋರಿಸಬೇಕಾದರೆ ತಿಮ್ಮರಾಯಪ್ಪನವರನ್ನು ಮತ್ತೆ ಹತ್ತಿಸಬೇಕು, ಹತ್ತಿಸಿದರೆ ಮತ್ತೆ ಬೀಳುತ್ತಾರೆಂಬುದು ಈಗ ಗೊತ್ತಿದೆ. ಅವರ ಮನೆಯ ಜಗಲಿಯಲ್ಲಿ ಕುಳಿತು ಡಾಕ್ಟರಮ್ಮನವರು ಒಂದನ್ನೂ ಮುಚ್ಚಿಡದೆ ಹೇಳಿದರು. ಸೊಣ್ಣಮ್ಮನವರು, "ಇನ್ನೊಂದ್ ಕಿತ ಹತ್ಸುದ್ರೆ ಆ ಪೆಟ್ಗೇನ ಒಲೆಗಾಕಿ ಮುದ್ದೆ ತೊಳಸ್ತೀನಿ, ನೋಡ್ಕಳಿ" ಎಂದರು. ತಿಮ್ಮರಾಯಪ್ಪನವರು ಮಾತ್ರ ಎದ್ದು ಕುಳಿತು, "ಸುಮ್ಕಿರೇ. ಎಂಟ್ ತಿಂಗ್ಳಿಂದ ಸೋಮಾರಿ ಅನ್ನುಸ್ಕೊಂಡಿದ್ದೀನಿ. ಇನ್ನೆರಡ್ ದಿನ ಮಲ್ಗುದ್ರೆ ಏನ್ ಮುಳ್ಗೋಯ್ತದೆ? ಹತ್ತೀನಿ ಅವ್ವಾ" ಎಂದರು. ಒಪ್ಪಿದವರು ಮಾತ್ರ, ಅರವತ್ತರ ಬದಲು ಮೂವತ್ತು ಸಲ, ಸಾಕೆಂದರೆ ಅಲ್ಲಿಗೇ ನಿಲ್ಲಿಸುವುದು ಎಂದು ತೀರ್ಮಾನವಾಯಿತು.

ಸೋಮವಾರ ಏಕಾಂತಯ್ಯನವರು ತಾವೇ ಬಂದರು. ತಿಮ್ಮರಾಯಪ್ಪನವರು ಮೂವತ್ತು ಮುಗಿಸಿದ್ದನ್ನು ಕಂಡು, "ಇದರಲ್ಲಿ ಏನಿದೆ ಮಹಾ" ಎಂದು ಅಂಗಿಯ ತೋಳು ಮಡಿಸಿ ತಾವೂ ಮೂವತ್ತು ಸಲ ಹತ್ತಿಳಿದರು. ಬೀದಿಯಲ್ಲಿ ನಿಂತು ನೋಡುತ್ತಿದ್ದ ಊರಿನ ಬೈರಣ್ಣನೆಂಬವನು, "ಪೆಟ್ಗೆ ಜ್ವಾಪಾನ ಸಾಮಿ!" ಎಂದದ್ದಕ್ಕೆ ಬೀದಿಯೆಲ್ಲ ನಕ್ಕಿತು.

ಮಂಗಳವಾರ ಬೀದಿ ನಗಲಿಲ್ಲ. ಹೊಲಕ್ಕೆ ಹೋಗದೆ ಕಾದಿದ್ದ ಗುಣವಾದವರು ಮೂವತ್ತೂ ಹತ್ತಿದರು. ಏಕಾಂತಯ್ಯನವರು ಮೈನೋವಿಗೆ ಉಸ್ ಉಸ್ ಎನ್ನುತ್ತಲೇ ಹತ್ತಿ ಮುಗಿಸಿದರು. ತಿಮ್ಮರಾಯಪ್ಪನವರು ಒಂಬತ್ತನೆಯದಕ್ಕೆ ಕಾಲಿಟ್ಟು, ಮೈ ಎತ್ತಲಾಗದೆ ಗೋಡೆ ಹಿಡಿದರು. ಡಾಕ್ಟರಮ್ಮನವರು ತೋಳು ಹಿಡಿದು ಕೆಳಗಿಳಿಸಿ, ತಮ್ಮ ಕೈಯಲ್ಲೇ ನಾಡಿ ಹಿಡಿದು ಕುಳಿತರು. ಒಪ್ಪಿ ಬಂದ ಇನ್ನು ಐವರಲ್ಲಿ ಹದಿನೈದನ್ನು ದಾಟಿದವರೊಬ್ಬರೂ ಇಲ್ಲ.

ಏಕಾಂತಯ್ಯನವರು ಮಡಿಸಿದ ತೋಳನ್ನು ಇಳಿಸಿಕೊಂಡು ತಿಮ್ಮರಾಯಪ್ಪನವರ ಪಕ್ಕ ಬಂದು ಕುಳಿತರು. ಆಮೇಲೆ, "ಅಲ್ಲಯ್ಯಾ, ಈ ಹೊಟ್ಟೆ ಹೊತ್ಕೊಂಡು ನಾನು ಹತ್ತಿದೆ. ನೀನು ಗರಡಿ ಆಳು..." ಎಂದು ಅಲ್ಲಿಗೇ ನಿಲ್ಲಿಸಿ, ಡಾಕ್ಟರಮ್ಮನವರ ಕಡೆ ತಿರುಗಿ, "ಬಟ್ಟೆ ಮಡಿಸೋ ಕಡೆ ಕೂತು ನೋಡೋ ಕೆಲಸ ಇದೆ. ಎಷ್ಟು ದಿನ ಬೇಕೋ ಬರ್ಕೊಡಿ. ನಿಮ್ಮ ಸಹಿ ನಡೆಯುತ್ತೆ" ಎಂದರು. ತಿಮ್ಮರಾಯಪ್ಪನವರು ಕೂತು ಮಾಡುವ ಕೆಲಸದಲ್ಲಿ ಹದಿನಾಲ್ಕು ತಿಂಗಳಿದ್ದು, ಮೆಲ್ಲಮೆಲ್ಲಗೆ ಚೇತರಿಸಿಕೊಂಡು, ತಮ್ಮ ಮಗ್ಗಕ್ಕೇ ಮರಳಿದರು. ಎಂಟರಲ್ಲಿ ಇಬ್ಬರು ಇಂದಿಗೂ ಪೂರ್ತಿ ಗುಣವಾಗಿಲ್ಲವೆಂಬುದನ್ನೂ ಬರೆಯಬೇಕು. ಪ್ರತಿಕಾಯಗಳು ಸರಿಯಾಗಿದ್ದೂ ಮೈ ಏಕೆ ಸೋಲುತ್ತದೆಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಆದರೆ ಪ್ರಶ್ನೆಯನ್ನು ಕೇಳಬೇಕಾದ ದಿನ ಯಾವುದೆಂಬುದು ಸಿಕ್ಕಿದೆ, ಅದೇನೂ ಸಣ್ಣದಲ್ಲ.

೧೯೬೨ರಿಂದ ನಡೆದ ಲಸಿಕೆಯ ಕೆಲಸ ಈ ಪಾಠದ ಮೇಲೆಯೇ ನಿಂತದ್ದು. ಫ್ಲೂ ಲಸಿಕೆ ನಮಗೆ ಸಿಗುತ್ತಿದ್ದದ್ದು ಅತ್ಯಲ್ಪ. ಅದರ ಹತ್ತರಲ್ಲಿ ಒಂದು ಪಾಲನ್ನು ಸ್ನಾಯುವಿಗೆ ಬದಲಾಗಿ ಚರ್ಮದ ಪದರದೊಳಗೆ ಕೊಟ್ಟರೆ ರಕ್ಷಣೆ ಬರುತ್ತದೆಯೇ ಎಂದು ತಿಲಕ್ ನಗರ, ಸಾರಕ್ಕಿಗಳ ಮುನ್ನೂರು ಜನರಲ್ಲಿ ಅವರು ನೋಡಿದರು. ಬಹುಪಾಲು ಮಂದಿಯಲ್ಲಿ ಪ್ರತಿಕಾಯಗಳು ಚೆನ್ನಾಗಿಯೇ ಹುಟ್ಟಿದವು. ಚುಚ್ಚಿದ ಮರುದಿನ ಪ್ರತಿಯೊಬ್ಬರ ಮನೆಗೂ ಹೋಗಬೇಕೆಂಬುದು ಅವರ ಕಟ್ಟಪ್ಪಣೆ. ಮುನ್ನೂರು ಮನೆಗಳ ಬಾಗಿಲನ್ನು ಎರಡೆರಡು ಸಲ ತಟ್ಟಿದ ನನ್ನ ಸೈಕಲ್ಲು ಆ ವರ್ಷ ಮೂರು ಟೈರು ಸವೆಸಿತು. ಹಳೆಯ ನಿತ್ರಾಣ ಉಳಿದವರಿಗೆ ಲಸಿಕೆ ಕೊಡುವ ಮುನ್ನ ಅವರು ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕುಳಿತು ಮಾತಾಡಿದ್ದನ್ನೂ ನಾನು ಕಂಡಿದ್ದೇನೆ.

ಈ ಲೇಖನ ಬರೆಯುವ ಮುಂಚೆ ಅಪ್ಪಣೆ ಕೇಳಲು ಅವರ ಮನೆಗೆ ಹೋಗಿದ್ದೆ. ಆ ಸರ್ಟಿಫಿಕೇಟಿನ ಸಂಗತಿಯನ್ನು ಸಮಾರಂಭದ ಪುಸ್ತಕದಲ್ಲಿ ಹೇಗೆ ಬರೆಯಲಿ, ಬಿಟ್ಟುಬಿಡಲೇ ಎಂದೆ. "ಹೊಗಳಿಕೆ ಬೇಕಾದಷ್ಟು ಬಿಡು. ಅದೊಂದು ಬಿಡಬೇಡ" ಎಂದರು. "ನನ್ನ ಜಾಗಕ್ಕೆ ಬರೋರು ಓದಲಿ. ಸಹಿ ಹಾಕೋಕೆ ಮುಂಚೆ ಮಾರನೇ ದಿನ ಒಂದು ಸಲ ಹೋಗಿ ನೋಡಲಿ."

ಬರೆದಿದ್ದೇನೆ, ಅಮ್ಮಾ. ತಮಗೆ ತುಂಬು ಆಯುಷ್ಯವೂ ಗಟ್ಟಿ ಆರೋಗ್ಯವೂ ಇರಲಿ. ಸಾರಕ್ಕಿಯವರ ರಕ್ತದ ಮಾದರಿಗಳು ನಮ್ಮ ಶೀತಲ ಪೆಟ್ಟಿಗೆಯಲ್ಲಿ ಭದ್ರವಾಗಿವೆ, ಉತ್ತರ ಇನ್ನೂ ಬಾಕಿಯಿದೆ, ಕಿಟಕಿಯ ಪಕ್ಕದ ತಮ್ಮ ಮೇಜನ್ನು ಬೇರೆ ಯಾರಿಗೂ ಕೊಡಬಾರದೆಂದು ನಾವೆಲ್ಲ ಸೇರಿ ಬರೆದುಕೊಟ್ಟ ಅರ್ಜಿ ಮೊನ್ನೆ ಮಂಜೂರಾಗಿದೆ. ಮುಂದಿನ ವಾರದಿಂದ ತಾವು ಯಾವ ಹೊತ್ತಿಗೆ ಬಂದರೂ ಸರಿ.