ಏಣಿಯ ಮೇಲಿನ ಮೆನು

ನಮ್ಮ ಯಜಮಾನರಿಗೆ ಹಾರ್ಡ್‌ವೇರ್ ಅಂಗಡಿಯೇ ಪ್ರಪಂಚ. ಮೊಳೆ, ಚಿಲಕ, ನಲ್ಲಿ, ಬೀಗ ಯಾವುದು ಎಲ್ಲಿದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳ್ತಾರೆ. ಮನೆಯಲ್ಲಿ ಮಾತ್ರ ಅವರ ಕನ್ನಡಕ ಹುಡುಕಿಕೊಡೋಕೆ ನಾನೇ ಬೇಕು!

ಮಂಡಿಗೆ ಆಪರೇಷನ್ ಆಗಬೇಕು, ಇನ್ನು ಏಣಿ ಹತ್ತೋ ಹಾಗಿಲ್ಲ ಅಂತ ಡಾಕ್ಟರು ಅಂದದ್ದೇ ತಡ, ಮನುಷ್ಯ ಕುಗ್ಗಿಹೋದರು. "ನಾನಿಲ್ಲದೆ ಅಂಗಡಿ ನಡೆಯುತ್ತಾ? ಬಾಗಿಲು ಹಾಕೋದೇ ವಾಸಿ" ಅಂತ ಒಂದೇ ರಾಗ.

"ನಾನು ನೋಡ್ಕೋತೀನಿ ಮಾವ" ಅಂದಳು ಸೊಸೆ. ಆಗಷ್ಟೇ ಅಂಗಡಿಗೊಂದು ವೆಬ್‌ಸೈಟ್ ಮಾಡ್ತಿದ್ದಳು. ಪುಟ ಬರೆಯೋದು, ಫೋಟೋ ಹಾಕೋದು, ಯಾವುದರ ಕೆಳಗೆ ಯಾವುದು ಅಂತ ಮೆನು ಜೋಡಿಸೋದು, ಎಲ್ಲಕ್ಕೂ ಒಂದೇ ಸಾಫ್ಟ್‌ವೇರು. ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅಂತೆ, ಹೇಳೋದರೊಳಗೆ ಬಾಯೊಣಗುತ್ತೆ. "ಸಾಮಾನನ್ನ ನೀವೇ ಗುಂಪು ಮಾಡಿ ಮಾವ" ಅಂತ ಇವರನ್ನ ಕಂಪ್ಯೂಟರ್ ಮುಂದೆ ಕೂರಿಸಿ ಸ್ನಾನಕ್ಕೆ ಹೋದಳು.

ಕರಡು ಉಳಿಸೋ ಬಟನ್ ಬಿಟ್ಟು 'ಪ್ರಕಟಿಸು' ಒತ್ತಿಬಿಟ್ಟಿದ್ದಾರೆ ಮಹಾನುಭಾವರು! ಮೆನುವಿನಲ್ಲಿ ಏನಿತ್ತು ಗೊತ್ತಾ? 'ಏಣಿಯ ಮೇಲೆ', 'ಗಲ್ಲಾಪೆಟ್ಟಿಗೆ ಪಕ್ಕ', 'ಬಾಗಿಲ ಹಿಂದೆ', 'ಕತ್ತಲೆ ಮೂಲೆ'. ಪ್ಲಂಬರ್ ಒಬ್ಬ ಫೋನ್ ಮಾಡಿ, "ಅಮ್ಮಾ, ನಲ್ಲಿ ನೋಡೋಣ ಅಂತ ನಿಮ್ಮ ವೆಬ್‌ಸೈಟಿಗೆ ಬಂದೆ. ಕತ್ತಲೆ ಮೂಲೆಗೆ ಹೋಗೋಕೆ ಟಾರ್ಚ್ ತರಬೇಕಾ?" ಅಂದ.

"ತಪ್ಪೇನಿದೆ? ನಲ್ಲಿ ಇರೋದೇ ಅಲ್ಲಿ!" ಅಂದರು ಇವರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ನನಗೋ ಮೈ ಉರೀತು. ಸೊಸೆ ಮಾತ್ರ ನಕ್ಕಳು. ಗಿರಾಕಿಗಳಿಗೆ 'ನಲ್ಲಿ-ಪೈಪು', 'ಬೀಗ-ಚಿಲಕ' ಅಂತ ಹೊಸ ಮೆನು ಮಾಡಿದಳು. ಇವರದ್ದನ್ನ ಅಳಿಸದೆ, ಅಂಗಡಿಯಲ್ಲಿ ತಾನು ಸಾಮಾನು ಹುಡುಕೋಕೆ ಅಂತ ತನಗೊಬ್ಬಳಿಗೇ ಕಾಣೋ ಹಾಗೆ ಇಟ್ಟುಕೊಂಡಳು. ಸಾಮಾನಿನ ಪುಟ ಒಂದೇ, ಹೋಗೋ ದಾರಿ ಎರಡು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆಪರೇಷನ್ನಿನವರೆಗೂ ಇವರು ಪಕ್ಕದಲ್ಲಿ ಕೂತು ಒಂದೊಂದು ಡಬ್ಬದ ಜಾಗವನ್ನೂ ಹೇಳಿ ಬರೆಸಿದರು.

ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ ದಿಂಬಿನ ಪಕ್ಕದಲ್ಲೇ ಫೋನು. ಸೊಸೆ ಗಳಿಗೆಗೊಂದು ಸಲ ಕೇಳ್ತಾಳೆ ಅಂತ ಕಾದದ್ದೇ ಕಾದದ್ದು. ಬೆಳಗ್ಗೆ ಹೋಯ್ತು, ಮಧ್ಯಾಹ್ನ ಹೋಯ್ತು, ಫೋನು ಉಸಿರೆತ್ತಲಿಲ್ಲ.

"ಚಾರ್ಜ್ ಇದೆಯಾ ನೋಡೇ."

ಇತ್ತು.

"ಹಾಗಾದ್ರೆ ವ್ಯಾಪಾರ ಇಲ್ಲ ಅನ್ಸುತ್ತೆ."

ಅಂಗಡಿ ತುಂಬ ಗಿರಾಕಿಗಳು ಅಂತ ಪಕ್ಕದ ದರ್ಜಿ ಹೇಳಿಹೋಗಿದ್ದ. ಇವರು ಬರೆಸಿದ ಮೆನುವೇ ಎಲ್ಲ ತೋರಿಸುವಾಗ ಅವಳು ಇವರನ್ನ ಯಾಕೆ ಕೇಳ್ತಾಳೆ ಅಂತ ಹೇಗೆ ಹೇಳಲಿ? ಇವರು ಗೋಡೆ ಕಡೆ ತಿರುಗಿ ಮಲಗಿದರು. "ನಾನು ಯಾರಿಗೂ ಬೇಡ ಬಿಡು" ಅಂದರು. ಜಗಳ ಆಡೋ ಮನುಷ್ಯ ಹಾಗೆ ಮೆತ್ತಗೆ ಮಾತಾಡಿದ್ದು ಕೇಳಿ ನಾನು ಎದ್ದುಬಿಟ್ಟೆ.

ಅಡುಗೆಮನೆಗೆ ಹೋಗಿ ಸೊಸೆಗೆ ಫೋನ್ ಮಾಡಿ ಪಿಸುಗುಟ್ಟಿದೆ: "ಏನಾದ್ರೂ ಒಂದು ಕೇಳೇ ತಾಯಿ ಅವರನ್ನ!"

ಇವರ ಫೋನು ಬಡಕೊಂಡಿತು. "ಮಾವ, ಎರಡಿಂಚು ಮೊಳೆ ಸಿಗ್ತಾನೇ ಇಲ್ಲ, ಎಲ್ಲಿದೆ?"

"ಅಷ್ಟೂ ಗೊತ್ತಾಗಲ್ವಾ? ಗಲ್ಲಾಪೆಟ್ಟಿಗೆ ಎಡಕ್ಕೆ, ಕೆಂಪು ಡಬ್ಬ!" ಬೀದಿಗೇ ಕೇಳೋ ಹಾಗೆ ಗದರಿದರು. ಫೋನಿಟ್ಟು ನನ್ನನ್ನೇ ದಿಟ್ಟಿಸಿದರು. "ಅವಳು ಕೂತಿರೋದೇ ಆ ಡಬ್ಬದ ಪಕ್ಕ ಕಣೇ. ನಿನ್ನ ಕಿತಾಪತಿ ತಾನೇ ಇದು?"

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ.

ಇವರು ಕಣ್ಣೊರೆಸಿಕೊಂಡರು. "ಇರಲಿ, ನಾಳೆನೂ ಒಂದ್ಸಲ ಕೇಳೋಕೆ ಹೇಳು."