ಮೌನೇಶಪ್ಪನವರ ಹಸಿರು ಗೋಲಿ

ಮೌನೇಶಪ್ಪ ಬಡಿಗೇರರು ಯಾರ ಮನೆಗೆ ಹೋದರೂ ಮೊದಲು ಬೆಲ್ ಒತ್ತುತ್ತಿರಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ತಲೆ ವಾಲಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗಿನವರು ಕಿಟಕಿಯಿಂದ ನೋಡಿ ಗಾಬರಿಯಾಗುತ್ತಿದ್ದರು.

“ಬೆಲ್ ಒತ್ತಬಾರದಾ ಮೇಸ್ತ್ರಿ?” ಎಂದರೆ, “ಬೆಲ್ ಒತ್ತಿದ್ರ ಮನ್ಯಾಗಿನ ಮಂದಿ ಓ ಅಂತಾರ. ನನಗ ಮನೀನ ಓ ಅನ್ನಬೇಕು” ಎನ್ನುತ್ತಿದ್ದರು.

ಒಳಗೆ ಹೋದ ಮೇಲೆ ಎರಡನೆಯ ಪರೀಕ್ಷೆ. ಅಂಗಿ ಜೇಬಿನಿಂದ ಒಂದು ಹಸಿರು ಗಾಜಿನ ಗೋಲಿ ತೆಗೆದು ನೆಲದ ಮೇಲೆ ಇಡುತ್ತಿದ್ದರು. ಉರುಳಿಸುತ್ತಿರಲಿಲ್ಲ, ಬರೀ ಇಡುತ್ತಿದ್ದರು. ಅದು ನಿಂತರೆ ನಗುತ್ತಿದ್ದರು. ಹೊರಟರೆ ಅದರ ಹಿಂದೆಯೇ ಬಗ್ಗಿಕೊಂಡು ಹೋಗುತ್ತಿದ್ದರು.

ಅವರು ಲಕ್ಷ್ಮೇಶ್ವರದ ಕಡೆಯವರು. ಅಮೆರಿಕದ ಈ ನ್ಯೂಜೆರ್ಸಿಯ ದೇವಸ್ಥಾನವೊಂದರ ಬಾಗಿಲು ಕೆತ್ತಲು ಬಂದು, ಮಗಳ ಸಂಸಾರ ಇಲ್ಲೇ ಇದ್ದುದರಿಂದ ನಿಂತುಬಿಟ್ಟರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೊಲ್ಲಿ ದೇಶಗಳಲ್ಲಿ ಗಾರೆ ಕೆಲಸ, ಮರದ ಕೆಲಸ ಮಾಡಿ, ಅಕ್ಕ ಕರೆಸಿಕೊಂಡಳೆಂದು ನ್ಯೂಜೆರ್ಸಿಗೆ ಬಂದೆ. ಇಲ್ಲಿ ನಮ್ಮವರು ಮುಕ್ಕಾಲುಪಾಲು ಇಂಜಿನಿಯರು, ಡಾಕ್ಟರು. ನೀವೇನು ಮಾಡ್ತೀರಿ ಎಂದು ಯಾರಾದರೂ ಕೇಳಿದರೆ ಅಂಗೈ ತೋರಿಸುತ್ತಿದ್ದೆ. ನಾನು ಹೊಡೆದ ಡ್ರೈವಾಲ್ ಎಂಬ ಜಿಪ್ಸಂ ಹಲಗೆಗಳ ನಡುವಿನ ಜೋಡು ಕಣ್ಣಿಗೂ ಸಿಗದು, ಕೈಗೂ ಸಿಗದು. ಆ ಮಾತನ್ನು ಎದೆ ತಟ್ಟಿ ಹೇಳುತ್ತಿದ್ದೆ. ಆ ಹೆಮ್ಮೆಯಿಂದಲೇ ಹಳೇ ಮನೆಯೊಂದರ ಕೆಲಸ ಹಿಡಿದದ್ದು.

ಕ್ರ್ಯಾನ್‌ಬರಿಯಲ್ಲಿ ಗೋದಾಮುಗಳ ಲಾರಿಗಳನ್ನು ದಾಟಿ ಹಳೇ ಊರಿನ ಬೀದಿಗೆ ಬಂದರೆ ಆ ಮನೆ. ಇನ್ನೂರು ವರ್ಷದ್ದು ಎನ್ನುತ್ತಿದ್ದರು. ಬಿಳಿ ಮರದ ಗೋಡೆ, ಕಪ್ಪು ಕಿಟಕಿ ಬಾಗಿಲು, ಒಂದು ಮೊಳ ಅಗಲದ ಹಲಗೆಯ ನೆಲ, ಮುಂದೆ ದೊಡ್ಡ ಕೋಣೆ. ಮಾರಾಟಕ್ಕೆ ಮುಂಚೆ ಬೇಸ್‌ಮೆಂಟ್ ಚಂದ ಮಾಡಿಕೊಡು ಎಂದು ಏಜೆಂಟ್ ನನ್ನನ್ನು ಕರೆದ. ಮೌನೇಶಪ್ಪನವರನ್ನೂ ಕರೆದುಕೊಂಡು ಹೋದೆ. ಅವರು ಗೋಡೆ ಕುಟ್ಟಿದರು. ಮತ್ತೊಮ್ಮೆ ಕುಟ್ಟಿದರು. ನಗಲಿಲ್ಲ.

ಕೆಳಗೆ ಹೋಗಿ ನೋಡಿದರೆ, ದೊಡ್ಡ ಕೋಣೆಯನ್ನು ಹೊತ್ತ ನಡುತೊಲೆಯನ್ನು ಯಾರೋ ಯಾವ ಕಾಲದಲ್ಲೋ ಪೈಪು ಹಾಯಿಸಲು ಅರ್ಧಕ್ಕಿಂತ ಹೆಚ್ಚು ಕೊಯ್ದಿದ್ದರು.

“ಎರಡು ಕಬ್ಬಿಣದ ಕಂಬ ಆಸರಿ ಕೊಡು. ತೊಲಿ ಮುಚ್ಚಬ್ಯಾಡ, ಕೊಳ್ಳೋರಿಗೆ ಕಾಣ್ಲಿ” ಎಂದರು.

ಏಜೆಂಟ್ ಬೇಡವೆಂದ. ಬಿಳಿ ಸೀಲಿಂಗ್ ಸಾಕು, ಇಷ್ಟು ವರ್ಷ ನಿಂತಿದೆಯಲ್ಲ ಎಂದ. ನನಗೂ ಹಾಗೇ ಅನ್ನಿಸಿತು, ಅಥವಾ ಹಾಗೆ ಅಂದುಕೊಂಡೆ. ಮೂರು ದಿನದಲ್ಲಿ ಹಲಗೆ ಹೊಡೆದು, ಉಜ್ಜಿ, ಬಣ್ಣ ಬಳಿದೆ. ಮೌನೇಶಪ್ಪನವರು ಬಂದು ಸೀಲಿಂಗಿನ ಮೇಲೆ ಅಂಗೈ ಆಡಿಸಿದರು.

“ಚಂದ ಮುಚ್ಚೀಯಪಾ” ಎಂದರು. ಆಮೇಲೆ ಒಂದು ತಿಂಗಳು ನನ್ನ ಫೋನ್ ಎತ್ತಲಿಲ್ಲ.

ಮನೆ ಕೊಂಡವರು ನಮ್ಮವರೇ. ಮೈಸೂರಿನ ವಸುಧಾ ಮತ್ತು ಅವರ ಗಂಡ. ಹಳೇ ಮನೆಯೆಂದರೆ ಆಕೆಗೆ ಹುಚ್ಚು. ಕೊಳ್ಳುವ ಮುಂಚೆ ಮನೆ ಪರೀಕ್ಷೆಗೆ ಬಂದಾತ ನನ್ನ ಸೀಲಿಂಗ್ ನೋಡಿ ಮೆಚ್ಚಿ ತಲೆಯಾಡಿಸಿ ಹೋಗಿದ್ದನಂತೆ. ಗೃಹಪ್ರವೇಶಕ್ಕೆ ನನ್ನನ್ನೂ ಮೌನೇಶಪ್ಪನವರನ್ನೂ ಕರೆದರು. “ಹಾಲ್ ಎಷ್ಟು ದೊಡ್ಡದಿದೆ ನೋಡಿ ನಾಗರಾಜಣ್ಣ, ಎಂಬತ್ತು ಜನ ಆರಾಮಾಗಿ ಕೂತ್ಕೋಬಹುದು!”

ಎಂಬತ್ತು ಜನ ಕೂರುವ ಮಾತನ್ನು ಹೇಳಲೆಂದು ನಾನೇ ಮೌನೇಶಪ್ಪನವರ ಮನೆಗೆ ಹೋದೆ. ಅವರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು.

“ಆ ಖೋಲಿ ಕಟ್ಟಿದವರು ನಾಕು ಕುರ್ಚಿಗೆ ಕಟ್ಟ್ಯಾರ. ನಮ್ಮ ಮಂದಿ ಜಮಖಾನಿ ಹಾಸಿ ಎಂಬತ್ತು ಮಂದಿ ಕುಂದರತಾರ. ತೊಲಿ ಸುದ್ದಿ ಹೋಗಿ ಹೇಳು.”

“ನೀವೇ ಹೇಳಿ ಮೇಸ್ತ್ರಿ.”

“ಮುಚ್ಚಿದಾಂವ ನೀನು. ನಿನ್ನ ಬಾಯಿಲೇ ಬರಬೇಕು.”

ನಾನು ಹೇಳಲಿಲ್ಲ. ಹೇಳಿದರೆ ಆ ಇಂಜಿನಿಯರುಗಳ ನಡುವೆ ನನ್ನ ಅಂಗೈ ಮತ್ತೆ ತೋರಿಸುವುದು ಹೇಗೆ?

ಗೃಹಪ್ರವೇಶದ ಬೆಳಿಗ್ಗೆ ಮೌನೇಶಪ್ಪನವರು ಬಿಳಿ ಪಂಚೆ ಉಟ್ಟು ಬಂದರು. ವ್ಯಾನಿನಲ್ಲಿ ಜಾಕಿ ಮತ್ತು ಆಳುದ್ದದ ಮರದ ಕಂಬ ಇತ್ತು. ಕೋಣೆ ತುಂಬುತ್ತಿತ್ತು. ವಸುಧಾ ಅವರ ಗಂಡ, ಹೋಮದ ಹೊಗೆಗೆ ಕೂಗಿಕೊಳ್ಳದಿರಲೆಂದು, ಸ್ಮೋಕ್ ಅಲಾರಂ ಕೆಳಗೆ ನಿಂತು ಟವೆಲ್ ಬೀಸುತ್ತಿದ್ದರು. ಮೌನೇಶಪ್ಪನವರು ಬಾಗಿಲ ಹತ್ತಿರ ಗೋಲಿ ಇಟ್ಟರು.

“ಏನ್ ಅಂಕಲ್, ಈ ವಯಸ್ಸಲ್ಲಿ ಗೋಲಿ ಆಟನಾ?” ಎಂದು ಯಾರೋ ನಕ್ಕರು.

ಗೋಲಿ ಸ್ವಲ್ಪ ಹೊತ್ತು ಯೋಚಿಸಿದಂತೆ ನಿಂತು, ನಿಧಾನಕ್ಕೆ ಹೊರಟು, ಕೂತವರ ಮಂಡಿಗಳ ಸಂದಿಯಲ್ಲಿ ನುಸುಳಿ ಹೋಮಕುಂಡದ ಇಟ್ಟಿಗೆಗೆ ಟಕ್ಕೆಂದು ತಾಗಿತು. ಅವರು ಅದನ್ನು ಎತ್ತಿಕೊಂಡು ನನ್ನ ಮುಖ ನೋಡಿದರು. ವ್ಯಾನಿನಿಂದ ಜಾಕಿ, ಕಂಬ ಇಳಿಸಿಕೊಂಡು ಇಬ್ಬರೂ ಕೆಳಗಿಳಿದೆವು.

ನನ್ನ ಸೀಲಿಂಗಿನಲ್ಲಿ, ಯಾರ ಕೈಗೂ ಸಿಗದ ಜೋಡಿನಲ್ಲಿ, ಕೂದಲೆಳೆಯಂಥ ಗೆರೆ ಬಿಟ್ಟಿತ್ತು. ಅದರಿಂದ ಜರಡಿ ಹಿಡಿದ ಹಿಟ್ಟಿನ ಹಾಗೆ ಬಿಳಿ ಪುಡಿ ಉದುರುತ್ತಿತ್ತು. ಮೇಲೆ ಪುರೋಹಿತರ ದನಿ, ಮಕ್ಕಳ ಓಡಾಟ.

“ಒಡಿ” ಎಂದರು ಮೌನೇಶಪ್ಪನವರು, ಸುತ್ತಿಗೆ ಚಾಚಿ.

“ಮೇಲೆ ಹೋಗಿ ಎಲ್ಲರನ್ನೂ ಎಬ್ಬಿಸೋಣ ಮೇಸ್ತ್ರಿ!”

“ಹುಚ್ಚಾ! ಕುಂತಾರಂತ ತಡದೈತಿ. ಎಲ್ಲಾರೂ ಒಮ್ಮೆಲೇ ಎದ್ರ ಮುಗೀತು. ಮಂಗಳಾರತಿಗೆ ಎದ್ದೇ ಏಳ್ತಾರ. ಅದರೊಳಗ ಕಂಬ ಕೊಡಬೇಕು. ಒಡಿ!”

ನಾನು ಬಳಿದದ್ದನ್ನು ನಾನೇ ಒಡೆದೆ. ತೊಲೆ ಕಂಡಿತು. ಕೊಯ್ದ ಕಡೆ ಹೊಸ ಸೀಳು, ಒಳಗೆ ಹಸಿ ಗಾಯದ ಬಣ್ಣ. ಅವರು ಜಾಕಿಯ ಮೇಲೆ ಕಂಬ ನಿಲ್ಲಿಸಿ, ಒಂದು ಕೈಯನ್ನು ತೊಲೆಯ ಮೇಲಿಟ್ಟುಕೊಂಡು, “ಏರಸು… ನಿಲ್ಲು… ಇನ್ನ ಅರ್ಧ ಸುತ್ತು” ಎನ್ನುತ್ತಿದ್ದರು, ನಾನು ಜಾಕಿ ತಿರುಗಿಸುತ್ತಿದ್ದೆ. ತೊಲೆ ನರಳಿತು. ಅಷ್ಟರಲ್ಲಿ ಮೇಲೆ ಗಂಟೆ ಹೊಡೆಯಿತು. ಎಂಬತ್ತು ಜನ ಒಟ್ಟಿಗೆ ಎದ್ದು ನಿಂತ ಸದ್ದು ಇವತ್ತಿಗೂ ನನ್ನ ನೆತ್ತಿಯ ಮೇಲಿದೆ. ಮೌನೇಶಪ್ಪನವರ ಕೈ ಕದಲಲಿಲ್ಲ. ಆರತಿ ಹಾಡು ಮುಗಿಯುವವರೆಗೂ ಅವರು ಉಸಿರಾಡಿದ್ದನ್ನು ನಾನು ನೋಡಲಿಲ್ಲ.

“ಈಗ ಹೋಗಿ ಹೇಳು” ಎಂದರು.

ಮೇಲೆ ಹೋದೆ. ವಸುಧಾ ನನ್ನ ಅಂಗೈಗೆ ಪ್ರಸಾದ ಹಾಕಿ, “ಅಯ್ಯೋ, ಇದೇನು ನಾಗರಾಜಣ್ಣ, ಮೈಯೆಲ್ಲಾ ಬಿಳಿ?” ಎಂದರು.

“ಪೈಪ್ ಲೀಕ್ ಇತ್ತಮ್ಮ. ಸಣ್ಣ ರಿಪೇರಿ” ಎಂದೆ.

ಹಿಂದೆ ಮೆಟ್ಟಿಲ ಮೇಲೆ ನಿಂತಿದ್ದ ಮೌನೇಶಪ್ಪನವರು ಊಟ ಮಾಡದೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಸೋಮವಾರ ತಾವೇ ಬಂದು ಎರಡು ಕಬ್ಬಿಣದ ಕಂಬ ನಿಲ್ಲಿಸಿ, “ಇವನ್ನ ತೆಗೀಬ್ಯಾಡ್ರಿ ತಾಯಿ. ಯಾಕಂತ ನಾಗರಾಜ ಹೇಳ್ತಾನ” ಎಂದರಂತೆ. ವಸುಧಾ ಕೇಳಿದಾಗ ಹಳೇ ಮನೆಗೆ ಇದ್ದರೆ ಒಳ್ಳೇದು ಎಂದುಬಿಟ್ಟೆ.

ನಾಲ್ಕು ವರ್ಷದ ಮೇಲೆ ಐಸೆಲಿನ್ ಊರಲ್ಲಿ, ಮಗಳ ಮನೆಯಲ್ಲಿ, ಅವರನ್ನು ಕೊನೆಯ ಸಲ ನೋಡಿದೆ. ಶ್ವಾಸಕೋಶ ಸೋತಿತ್ತು. ಮೂಗಿಗೆ ನಳಿಗೆ. ಮಂಚದ ಅಂಚಿಗೆ ಕೂರಿಸಿಕೊಂಡು, “ಹೇಳೀಯೇನು?” ಎಂದರು. ಯಾವುದು ಎಂದು ನಾನು ಕೇಳಬೇಕಾಗಿರಲಿಲ್ಲ.

“ಹೇಳಿದೆ ಮೇಸ್ತ್ರಿ.”

ಅವರು ನಿಧಾನಕ್ಕೆ ಕೈ ಎತ್ತಿ, ಬೆರಳ ಗೆಣ್ಣಿನಿಂದ ನನ್ನ ಎದೆಗೆ ಎರಡು ಸಲ ಕುಟ್ಟಿದರು. ತಲೆ ವಾಲಿಸಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ದಿಂಬಿನ ಕೆಳಗಿನಿಂದ ಗೋಲಿ ತೆಗೆದು ನನ್ನ ಅಂಗೈಯಲ್ಲಿಟ್ಟು ಗೋಡೆಯ ಕಡೆ ಹೊರಳಿದರು. ಹದಿನೈದು ದಿನಕ್ಕೆ ತೀರಿಕೊಂಡರು.

ಈ ಶನಿವಾರ ವಸುಧಾ ಫೋನ್ ಮಾಡಿದರು. ಗಂಡನ ಕೆಲಸ ಟೆಕ್ಸಸ್‌ಗೆ ಹೋಗಿದೆ, ಮನೆ ಮಾರುತ್ತಿದ್ದಾರೆ. “ಬೇಸ್‌ಮೆಂಟ್ ಸ್ವಲ್ಪ ನೀಟ್ ಮಾಡಿಕೊಡಿ ನಾಗರಾಜಣ್ಣ, ಮುಂದಿನ ವಾರ ಫೋಟೋ ತೆಗೀತಾರೆ. ನಾಳೆ ಬೆಳಿಗ್ಗೆ ಬನ್ನಿ, ಕೊನೇ ಸತ್ಯನಾರಾಯಣ ಪೂಜೆ ಇಟ್ಕೊಂಡಿದೀನಿ, ಪ್ರಸಾದಾನೂ ಆಗುತ್ತೆ.”

ಜನ ಬರುವ ಮುಂಚೆಯೇ ಹೋದೆ. ಮೊದಲು ಕೆಳಗಿಳಿದೆ. ಸೀಲಿಂಗ್ ಮತ್ತೆ ಬಿಳಿಯಾಗಿತ್ತು, ಬೇರೆ ಯಾರೋ ಮುಚ್ಚಿದ್ದರು, ಜೋಡು ನನ್ನದಲ್ಲ. ಕಂಬಗಳಿದ್ದ ಜಾಗದಲ್ಲಿ ಟೇಬಲ್ ಟೆನಿಸ್ ಮೇಜು. ಎರಡೂ ಕಂಬ ಗೋಡೆಯ ಬುಡದಲ್ಲಿ ಮಲಗಿದ್ದವು.

“ಮಕ್ಕಳಿಗೆ ಆಡೋಕೆ ಅಡ್ಡ ಆಗ್ತಿತ್ತು” ಎಂದರು ಮೆಟ್ಟಿಲ ಮೇಲಿಂದ ವಸುಧಾ. “ಯಾಕಿವೆ ಅಂತ ಯಾರಿಗೂ ಗೊತ್ತೇ ಇರಲಿಲ್ಲ.”

ಮೇಲೆ ಬಂದೆ. ಜಮಖಾನ ಹಾಸಿ ಆಗಿತ್ತು. ಅದರ ಅಂಚು ಮಡಚಿ ಬರೀ ಹಲಗೆಯ ಮೇಲೆ ಗೋಲಿ ಇಟ್ಟೆ. ಈ ಸಲ ಅದು ಒಂದು ಕ್ಷಣವೂ ನಿಲ್ಲಲಿಲ್ಲ. ನೇರ ಹೋಗಿ ಜಮಖಾನದ ಕೆಳಗೆ ನುಗ್ಗಿತು, ಕೋಣೆಯ ನಡುವೆ ಸಣ್ಣ ಉಬ್ಬಾಗಿ ನಿಂತಿತು.

ಹೊರಗೆ ಕಾರುಗಳ ಬಾಗಿಲು ಒಂದಾದ ಮೇಲೊಂದು ಮುಚ್ಚುತ್ತಿದ್ದವು. ಬೆಲ್ ಆಯಿತು. ತೆಗೆಯಲು ಹೊರಟ ವಸುಧಾ ಅವರಿಗೆ ಅಡ್ಡ ನಿಂತೆ.

“ಯಾರನ್ನೂ ಒಳಗೆ ಬಿಡಬೇಡಿ ತಾಯಿ” ಎಂದೆ. “ನಿಮಗೊಂದು ಮಾತು ಹೇಳಬೇಕು. ಕೆಳಗಿನ ತೊಲೆ ಅರ್ಧ ಕೊಯ್ದಿದೆ. ಅದನ್ನ ಮುಚ್ಚಿದವನು ನಾನು.”

ಬೆಲ್ ಮತ್ತೆ ಆಯಿತು.