ಮರ ಕೆತ್ತಲು ಒಂದು ಚಾಕು ಬೇಕಾಗಿದೆ

ಹೋದ ತಿಂಗಳು ಒಂದು ಶನಿವಾರ ಮಾಲ್‌ನ ಬಾಗಿಲಲ್ಲಿ ಸೆಕ್ಯೂರಿಟಿಯವನು ನನ್ನ ಬ್ಯಾಗ್ ತೆರೆಸಿದ. ಒಳಗಿಂದ ಹನ್ನೆರಡು ಚಾಕು ಹೊರಬಂದವು.

ಸಾಲಿನಲ್ಲಿ ನನ್ನ ಹಿಂದಿದ್ದವರು ಎರಡು ಹೆಜ್ಜೆ ಸರಿದು ನಿಂತರು. ಕಾಟನ್ ಸೀರೆ, ದಪ್ಪ ಕನ್ನಡಕ, ಐವತ್ತೆಂಟರ ಹೆಂಗಸು. ಬ್ಯಾಗಿನಲ್ಲಿ ಒಂದು ಡಜನ್ ಚಾಕು!

“ಯೇ ಕ್ಯಾ ಹೈ, ಆಂಟಿ?”

“ಲಕಡಿ ಛೀಲನೇ ಕೇ ಲಿಯೇ,” ಎಂದೆ, ಮರ ಕೆತ್ತುವುದಕ್ಕೆ ಅಂತ.

“ಲಕಡಿ? ಮಾಲ್ ಮೇ?”

ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಹದಿನೈದು ದಿನ ಅಲೆದವಳಿಗೆ ವಿವರಿಸುವ ತಾಳ್ಮೆ ಉಳಿದಿರಲಿಲ್ಲ. ಚಾಕುಗಳನ್ನು ಅವನ ವಶಕ್ಕೆ ಕೊಟ್ಟು, ಟೋಕನ್ ಹಿಡಿದು ಒಳಗೆ ನಡೆದೆ. (“ಇಂಥದ್ದು ಬೇಡ” ಎಂದು ಅಂಗಡಿಯಲ್ಲಿ ತೋರಿಸಲೆಂದೇ ಅವನ್ನು ಹೊತ್ತು ತಂದಿದ್ದೆ. ಅದೂ ಆಗಲಿಲ್ಲ.)

ಚಾಕು ಬೇಕಾಗಿದ್ದದ್ದು ನಮ್ಮವರಿಗೆ. ಫೋರ್ಟ್ ಏರಿಯಾದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವರು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಎಲ್ಲರೂ ಒಂದು ಗಂಟೆ ಅಡ್ಡಾಗುತ್ತಿದ್ದರೆ, ಇವರು ಹಣ್ಣಿನ ಪೆಟ್ಟಿಗೆಯ ಹಲಗೆಯನ್ನೋ ಮುರಿದ ಸೌಟಿನ ಹಿಡಿಯನ್ನೋ ಹಿಡಿದು ಕೆತ್ತಲು ಕೂರುತ್ತಿದ್ದರು. ಬೆಕ್ಕು, ಆನೆ, ಚಮಚ, ಹೀಗೆ. ಕಳೆದ ವರ್ಷ ಸ್ಟ್ರೋಕ್ ಆಯಿತು. ಕಾಲು ಸರಿಹೋಯಿತು. ಬಲಗೈ ಅರ್ಧ ಬಂತು, ಅರ್ಧ ಬರಲಿಲ್ಲ.

ಫಿಸಿಯೋಥೆರಪಿಯ ಹುಡುಗಿ ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದಳು. ಒಂದು ದಿನ ಅದನ್ನು ಎಡಗೈಯಲ್ಲಿ ಎತ್ತಿ ಬಾಲ್ಕನಿಯಿಂದ ಆಚೆ ಎಸೆದೇಬಿಟ್ಟರು.

“ನಾನೆಂತ ಸಣ್ಣ ಮಗುವಾ? ಒಂದು ಚಾಕು ತಂದುಕೊಡು ಮಾರಾಯ್ತಿ. ಮರ ಕೆತ್ತಿ ನೋಡ್ತೇನೆ.”

ತಿಂಗಳುಗಟ್ಟಲೆ ಎಲ್ಲದಕ್ಕೂ “ಬೇಡ” ಅನ್ನುತ್ತಿದ್ದ ಮನುಷ್ಯ ಬಾಯಿಬಿಟ್ಟು ಕೇಳಿದ ಮೊದಲ ವಸ್ತು. ಹೇಗೆ ತರದೇ ಇರಲಿ?

ಮಗಳು ಆನ್‌ಲೈನಿನಲ್ಲಿ ಆರ್ಡರ್ ಮಾಡಿದಳು. ಹನ್ನೆರಡರ ಸೆಟ್ಟು. ರಿವ್ಯೂ ಓದಿಯೇ ತರಿಸಿದ್ದಂತೆ. ಆಮೇಲೆ ನಾನೂ ಓದಿದೆ. “ಪ್ಯಾಕಿಂಗ್ ತುಂಬಾ ಚೆನ್ನಾಗಿದೆ, ಇನ್ನೂ ಬಳಸಿಲ್ಲ,” ಐದು ಸ್ಟಾರ್! ಬಳಸದೇ ಸ್ಟಾರ್ ಕೊಡುವವರಿಗೆ ಏನೆನ್ನೋಣ? ಮನೆಯ ಹಳೆಯ ಲಟ್ಟಣಿಗೆಯ ಮೇಲೆ ನಾನೇ ಪರೀಕ್ಷೆ ಮಾಡಿದೆ. ಮೊದಲನೆಯದರ ತುದಿ ಮುರಿಯಿತು, ಎರಡನೆಯದು ಬಾಗಿತು. ಮೂರನೆಯದರ ಹಿಡಿ ಕೈಯಲ್ಲಿ ಉಳಿಯಿತು, ಅಲಗು ಲಟ್ಟಣಿಗೆಯಲ್ಲಿ ಉಳಿಯಿತು. ಮುರಿದದ್ದನ್ನೂ ಸೇರಿಸಿ ಹನ್ನೆರಡನ್ನೂ ಬ್ಯಾಗಿಗೆ ತುಂಬಿದೆ.

ವೀಡಿಯೊ ನೋಡಿ ಕಲಿಯೋಣವೆಂದರೆ ಯಾವುದೋ ದೇಶದ ಕಾಡಿನಲ್ಲಿ ಕೂತ ಗಡ್ಡದವನೊಬ್ಬ, ಮೊದಲು ನಿಮ್ಮ ಬರ್ಚ್ ಮರವನ್ನು ಕಡಿಯಿರಿ ಅನ್ನುತ್ತಾನೆ. ಸಾಂತಾಕ್ರೂಜಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಒಂದು ಕೊಂಬೆ ಕತ್ತರಿಸಬೇಕಾದರೂ ಮೂರು ಮೀಟಿಂಗ್ ಆಗಬೇಕು.

ಮಾಲ್‌ನಲ್ಲಿ ಕೇಕ್‌ಗೆ ಚಾಕು ಇತ್ತು. ಬ್ರೆಡ್‌ಗೆ, ಚೀಸ್‌ಗೆ, ಪಿಜ್ಜಾಕ್ಕೆ ಇತ್ತು. ಮರಕ್ಕೆ ಇರಲಿಲ್ಲ. “ಇಸಸೇ ಪನೀರ್ ಭೀ ಕಟ್ತಾ ಹೈ, ಮ್ಯಾಮ್,” ಎಂದಳು ಸೇಲ್ಸ್ ಹುಡುಗಿ. ಪನೀರ್ ಬೆರಳಿನಲ್ಲೂ ತುಂಡಾಗುತ್ತದಲ್ಲಮ್ಮ! ಟೋಕನ್ ಕೊಟ್ಟು ಚಾಕುಗಳನ್ನು ಬಿಡಿಸಿಕೊಂಡು, ಲೋಕಲ್ ರೈಲು ಹಿಡಿದು ಹಾರ್ಡ್‌ವೇರ್ ಗಲ್ಲಿಗೆ ಹೋದರೆ, ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ “ಸಾಹಬ್ ಕೋ ಭೇಜೋ,” ಅಂದ. ಸಾಹೇಬರು ಬರುವಂತಿದ್ದರೆ ನಾನ್ಯಾಕಪ್ಪಾ ಬರುತ್ತಿದ್ದೆ?

ಅದೇ ಸೆಟ್ಟನ್ನು ಹೊತ್ತು ಮನೆಗೆ ಬಂದೆ. ಅವತ್ತು ಲಿಫ್ಟ್ ಕೆಟ್ಟಿತ್ತು. ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಬಡಗಿ ಕೆಲಸ ನಡೆಯುತ್ತಿತ್ತು. ಒಳಗಿಂದ ಯಾರೋ ಫೋನಿನಲ್ಲಿ ಜೋರಾಗಿ ಕನ್ನಡ ಮಾತಾಡುತ್ತಿದ್ದದ್ದು ಕೇಳಿ ಇಣುಕಿದೆ. ಬಾಗಲಕೋಟೆ ಕಡೆಯ ಮಲ್ಲಪ್ಪ. ನನ್ನ ಪುರಾಣವನ್ನೆಲ್ಲ ಅವನ ಮುಂದೆ ಸುರಿದು ಸೆಟ್ಟನ್ನು ತೋರಿಸಿದೆ.

“ಇವು ಆಟದ ಸಾಮಾನು ಬಿಡ್ರಿ, ಅಕ್ಕಾರ,” ಎಂದು ಬದಿಗಿಟ್ಟ. “ಕೆತ್ತೋರು ಯಾರ್ರಿ? ಮೊದ್ಲ ಅವ್ರ ಕೈ ತೋರಸ್ರಿ.”

ಹದಿನೈದು ದಿನದಲ್ಲಿ ಒಬ್ಬರಾದರೂ ಕೈಯ ವಿಚಾರ ಎತ್ತಿದ್ದರೇ? ನಾನಾದರೂ ಯೋಚಿಸಿದ್ದೆನೇ?

ಊಟದ ಬಿಡುವಿನಲ್ಲಿ ಮೇಲೆ ಬಂದ. ನಮ್ಮವರ ಬಲಗೈ ಹಿಡಿದು, ಬೆರಳು ಎಷ್ಟು ಮಡಚುತ್ತವೆ ಎಂದು ನೋಡಿದ. “ಪೂರಾ ಮುಚ್ಚಂಗಿಲ್ಲ. ಹಿಡಕಿ ದಪ್ಪ ಇರ್ಬೇಕ್ರಿ. ಅಲಗು ನಿಮ್ಮ ಹೆಬ್ಬೆರಳಿಗಿಂತ ಉದ್ದ ಬ್ಯಾಡ, ಉದ್ದ ಆದ್ರ ಹಿಡ್ತ ಸಿಗಂಗಿಲ್ಲ. ಬೆನ್ನು ದಪ್ಪ ಇರ್ಲಿ, ಎಡಗೈ ಹೆಬ್ಬೆರಳಿಂದ ದೂಡಾಕ ಬರ್ತೈತಿ.”

“ಹರಿತ ಸ್ವಲ್ಪ ಕಮ್ಮಿ ಇರಲಪ್ಪ,” ಎಂದೆ ನಾನು.

“ಅದ ತಪ್ರೀ. ಮೊಂಡ ಇದ್ರ ಜೋರು ಹಾಕ್ತಾರ, ಜೋರು ಹಾಕಿದ್ರ ಜಾರತೈತಿ. ಕೈ ಕೊಯ್ಯೂದು ಮೊಂಡ ಚಾಕೂನ.”

ಕಬ್ಬಿಣ ಕೊಯ್ಯುವ ಯಂತ್ರದ ಹಳೆಯ ಗರಗಸದ ಪಟ್ಟಿಯ ತುಂಡೊಂದನ್ನು ಎರಡು ದಿನ ಬಿಡುವಾದಾಗಲೆಲ್ಲ ಮಸೆದ. ಬಿಸಿಯಾದರೆ ಉಕ್ಕಿನ ಹದ ಹೋಗುತ್ತದೆಂದು ಮತ್ತೆ ಮತ್ತೆ ನೀರಿನಲ್ಲಿ ಅದ್ದಿದ. ದಪ್ಪ ಹಿಡಿ ಕೂರಿಸಿದ. ಕೆತ್ತಲು ನಾಲ್ಕು ಮೆತ್ತನೆಯ ಮರದ ತುಂಡನ್ನೂ ಕೊಟ್ಟ. ನೋಡಲು ಏನೂ ಚಂದವಿಲ್ಲದ ಚಾಕು.

ಸಂಜೆ ಮಗಳು ನೋಡಿ ಕಿರುಚಿದಳು. “ಪಪ್ಪಾ ಕೈಯಲ್ಲಿ ಚಾಕು? ಮಮ್ಮಾ, ಆರ್ ಯು ಸೀರಿಯಸ್? ಕುಛ್ ಹೋ ಗಯಾ ತೋ?” ಡೊಂಬಿವಲಿಯಿಂದ ನಾದಿನಿಯ ಫೋನು: “ಅಣ್ಣನಿಗೆ ಮೊಬೈಲಿನಲ್ಲಿ ಲೂಡೊ ಹಾಕಿಕೊಡಬಾರದಾ ಅತ್ತಿಗೆ?” ಇಬ್ಬರ ಬಾಯಿಯನ್ನೂ ಮುಚ್ಚಿಸಿದೆ.

ನಾಲ್ಕನೇ ದಿನ ನಮ್ಮವರು ಎಡಗೈ ಹೆಬ್ಬೆರಳನ್ನು ಕೊಯ್ದುಕೊಂಡರು. ಸಣ್ಣ ಗಾಯವೇ. ಆದರೆ ಬಟ್ಟೆಯ ಮೇಲೆ ರಕ್ತ ನೋಡಿದ್ದೇ ನನ್ನ ಧೈರ್ಯವೆಲ್ಲ ಇಳಿದುಹೋಯಿತು. ಪಟ್ಟಿ ಕಟ್ಟಿ, ಚಾಕುವನ್ನು ಕಪಾಟಿನ ಮೇಲೆ ಅವರ ಕೈಗೆ ಎಟುಕದಂತೆ ಇಟ್ಟೆ.

ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದರು. ತಟ್ಟೆ ಇಟ್ಟರೆ ಊಟ, ಎತ್ತಿದರೆ ಇಲ್ಲ. ಮೂರನೇ ದಿನ ಕಾಫಿ ಕೊಡಲು ಹೋದಾಗ ಮುಖ ನೋಡದೆಯೇ ಹೇಳಿದರು: “ಹೋಟೆಲಿನಲ್ಲಿ ಎಷ್ಟು ಸಲ ಕೈ ಕೊಯ್ದಿಲ್ಲ ನಾನು? ಆಗ ಯಾರೂ ನನ್ನ ಚಾಕು ಕಿತ್ತುಕೊಂಡಿರಲಿಲ್ಲ.”

ಸ್ಟೂಲ್ ಹತ್ತಿ ಚಾಕು ಇಳಿಸಿದೆ. ಹತ್ತುವಾಗ ಕೋಪವಿತ್ತು, ಇಳಿಯುವಾಗ ನಾಚಿಕೆ.

ಮೂರು ವಾರದಲ್ಲಿ ಒಂದು ಚಮಚ ತಯಾರಾಯಿತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಮೊನ್ನೆ ಬಲಗೈಯಲ್ಲೇ ಹಿಡಿದು ಸಾರಿಗೆ ಉಪ್ಪು ಹಾಕಿದರು. ಉಪ್ಪು ಜಾಸ್ತಿಯಾಯಿತು. ಮಗಳೂ ನಾನೂ ಸುಮ್ಮನೆ ಉಂಡೆವು.

ಮಲ್ಲಪ್ಪನ ಕೆಲಸ ಮುಗಿಯಿತು. ಕಾಂಟ್ರಾಕ್ಟರ್ ಅವನನ್ನು ಈಗ ಯಾವ ಸೈಟಿಗೆ ಕಳಿಸಿದ್ದಾನೋ, ಅವನು ಕೊಟ್ಟ ನಂಬರಿಗೆ ಫೋನ್ ಹೋಗುತ್ತಿಲ್ಲ. ನಿನ್ನೆ ನಾಲ್ಕನೇ ಮಹಡಿಯ ಗುಜರಾತಿ ಭಾಭಿ ಬಂದಿದ್ದರು. ಅವರ ತಮ್ಮನಿಗೂ ಸ್ಟ್ರೋಕ್ ಆಗಿ ಕೈ ಹೀಗೇ ಆಗಿದೆಯಂತೆ. ಚಾಕುವನ್ನು ತಿರುಗಿಸಿ ಮುರುಗಿಸಿ ನೋಡಿ, ಮೊಬೈಲ್ ಕೈಗೆತ್ತಿಕೊಂಡು ಆಸೆಯಿಂದ ಹೇಳಿದರು: “ಬಹುತ್ ಅಚ್ಛಾ ಹೈ. ಲಿಂಕ್ ಭೇಜೋ ನಾ!”

ಮಲ್ಲಪ್ಪನ ಲಿಂಕ್ ನಾನು ಎಲ್ಲಿಂದ ತರಲಿ, ನೀವೇ ಹೇಳಿ?